ಕರ್ನಲ್‌ಗಳಿಗೆ ಗಂಡನನ್ನು ತೋರಿಸಿದ ನೊನ್ನಾ ಅತ್ತೆ

ಪೂರ್ವ ಉಕ್ರೇನಿನ ದೊನ್‌ಬಾಸ್ ಸೀಮೆಯ ನಮ್ಮ ಊರಿನಲ್ಲಿ ಆಗ ಕದನವಿರಾಮ ಜಾರಿಯಲ್ಲಿತ್ತು. ಅದು ಜಾರಿಯಲ್ಲಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದಕ್ಕೆ ಉಕ್ರೇನಿನ ಒಂದಷ್ಟು ಅಧಿಕಾರಿಗಳೂ ರಷ್ಯಾದ ಒಂದಷ್ಟು ಅಧಿಕಾರಿಗಳೂ ಬಂದು ಒಂದೇ ಕಟ್ಟಡದಲ್ಲಿ ಉಳಿದುಕೊಂಡಿದ್ದರು. ಮುಂಚೂಣಿ ಅಲ್ಲಿಂದ ದೂರವಿರಲಿಲ್ಲ. ಅಲ್ಲಿ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದರು. ಇಲ್ಲಿ ಇವರು ಒಂದೇ ಮೆಟ್ಟಿಲು ಹತ್ತಿ, ಒಂದೇ ಕಾರಿಡಾರಿನ ಕೋಣೆಗಳಲ್ಲಿ ಮಲಗಿ, ಒಂದೇ ಅಡುಗೆಮನೆಯ ಊಟ ಉಣ್ಣುತ್ತಿದ್ದರು. ಆ ಅಡುಗೆಮನೆ ನೊನ್ನಾ ಅತ್ತೆಯದು. ನಾನು ಅಲ್ಲಿ ಪಾತ್ರೆ ತೊಳೆಯುತ್ತಿದ್ದೆ.

ಅವಳು ನನಗೆ ಸಂಬಂಧದಲ್ಲಿ ಅತ್ತೆಯೇನಲ್ಲ, ಊರಿಗೆಲ್ಲ ಅತ್ತೆ. ಉಪ್ಪಿನ ಗಣಿಯ ಕೆಲಸಗಾರನ ಮಗಳು. ಶಾಲೆ ಮುಗಿದದ್ದೇ ಅಡುಗೆಯ ತರಬೇತಿಗೆ ಸೇರಿ, ಅಲ್ಲಿಂದ ನೇರವಾಗಿ ಈ ಕಟ್ಟಡಕ್ಕೆ ಬಂದವಳು ಮತ್ತೆ ಬೇರೆಲ್ಲೂ ಹೋಗಲಿಲ್ಲ. ಆಗ ಅದು ಉಬ್ಬಸದವರ ವಿಶ್ರಾಂತಿಧಾಮ. ದೂರದೂರದಿಂದ ರೋಗಿಗಳು ಬಂದು, ಗಣಿಯೊಳಗೆ ಇಳಿದು ಉಪ್ಪಿನ ಗಾಳಿ ಉಸಿರಾಡಿ, ಮೇಲೆ ಬಂದು ಅವಳ ಕೈಯಡುಗೆ ಉಣ್ಣುತ್ತಿದ್ದರು. ಯುದ್ಧ ಬಂದ ಮೇಲೆ ರೋಗಿಗಳು ಬರುವುದು ನಿಂತಿತು, ಕರ್ನಲ್‌ಗಳು ಬರುವುದು ಶುರುವಾಯಿತು.

"ಇವರೂ ಕೆಮ್ತಾರೆ. ಸಿಗರೇಟಿಂದ. ಅಷ್ಟೇ ವ್ಯತ್ಯಾಸ," ಎಂದು ಅತ್ತೆ ಮೊದಲಿನ ದೊಡ್ಡ ಪಾತ್ರೆಗಳನ್ನೇ ಒಲೆಯ ಮೇಲಿಟ್ಟಳು.

ಉಕ್ರೇನಿನವರ ಮುಖ್ಯಸ್ಥರು ಕರ್ನಲ್ ದ್ಯಾಚುಕ್. ಎತ್ತರದ, ಒಣಕಲು ಆಳು, ಹೊಟ್ಟೆಯಲ್ಲಿ ಹುಣ್ಣು. ರಷ್ಯಾದವರ ಮುಖ್ಯಸ್ಥರು ಕರ್ನಲ್ ಮಾಲ್ಗಿನ್. ದಪ್ಪ ಕತ್ತು, ಮೆತ್ತನೆ ಮಾತು, ಯಾವ ಸೂಪಿನ ಮೇಲಾದರೂ ಕೈತುಂಬ ಸಬ್ಬಸಿಗೆ ಸೊಪ್ಪು ಉದುರಿಸಿದರೆ ಸಂತೋಷಪಡುವವರು. ಹಿರಿಯರನ್ನು ಅವರ ತಂದೆಯ ಹೆಸರು ಸೇರಿಸಿ ಕರೆಯುವುದು ನಮ್ಮಲ್ಲಿ ಮರ್ಯಾದೆ. ದ್ಯಾಚುಕ್ ಅವಳನ್ನು ಉಕ್ರೇನಿನ ರೀತಿಯಲ್ಲಿ 'ನೊನ್ನಾ ಯುಖೀಮಿವ್ನಾ' ಎನ್ನುತ್ತಿದ್ದರು, ಮಾಲ್ಗಿನ್ ರಷ್ಯಾದ ರೀತಿಯಲ್ಲಿ 'ನೊನ್ನಾ ಯೆಫೀಮೊವ್ನಾ' ಎನ್ನುತ್ತಿದ್ದರು. ತಂದೆ ಒಬ್ಬನೇ. ಎರಡಕ್ಕೂ ಅತ್ತೆ "ಏನು?" ಎಂದು ಒಂದೇ ದನಿಯಲ್ಲಿ ಓಗೊಡುತ್ತಿದ್ದಳು.

ಮೊದಲ ದಿನವೇ ಒಬ್ಬ ಲೆಫ್ಟಿನೆಂಟ್ ಅಡುಗೆಮನೆಗೆ ಬಂದ.

"ಎರಡು ಪಂಕ್ತಿ ಮಾಡ್ಬೇಕಮ್ಮ. ಮೊದಲು ನಮ್ಮೋರು, ಆಮೇಲೆ ಅವರು. ಒಟ್ಟಿಗೆ ಕೂರೋ ಹಾಗಿಲ್ಲ."

"ಮಾಡೋಣ," ಎಂದಳು ಅತ್ತೆ. "ಎರಡನೇ ಪಂಕ್ತೀಗೆ ಆರಿದ ಸೂಪು. ಎರಡನೇ ಪಂಕ್ತಿ ಯಾರದು ಅಂತ ಆ ಕಡೆಯೋರ ಹತ್ರ ಮಾತಾಡ್ಕೊಂಡು ಬಂದು ಹೇಳಪ್ಪ."

ಅವರು ಮಾತಾಡಿಕೊಂಡರು. ಒಪ್ಪಂದಕ್ಕೆ ಬರಲಾಗಲಿಲ್ಲ. ಅಂದಿನಿಂದ ಎಲ್ಲರೂ ಒಂದೇ ಹೊತ್ತಿಗೆ ಉಂಡರು. ಉಕ್ರೇನಿನವರು ಕಿಟಕಿಯ ಪಕ್ಕ, ರಷ್ಯಾದವರು ಗೋಡೆಯ ಪಕ್ಕ, ನಡುವೆ ಒಂದು ಉದ್ದನೆಯ ಖಾಲಿ ಮೇಜು. ಸಾಸಿವೆ ಗೊಜ್ಜಿನ ಸೀಸೆ ಇದ್ದದ್ದು ಒಂದೇ. ಅತ್ತೆ ಅದನ್ನು ನಡುವಿನ ಮೇಜಿನ ಮೇಲಿಟ್ಟಿದ್ದಳು. ಒಂದು ಕಡೆಯವನು ಎದ್ದು ಹೋಗಿ, ಬಡಿಸಿಕೊಂಡು, ವಾಪಸು ಬಂದು ಕೂತ ಮೇಲೆಯೇ ಇನ್ನೊಂದು ಕಡೆಯವನು ಏಳುತ್ತಿದ್ದ. ಇದನ್ನು ಯಾರೂ ಬರೆದು ಗೊತ್ತುಮಾಡಿರಲಿಲ್ಲ. ನಾನು ಕಂಡ ಹಾಗೆ ಅಷ್ಟೂ ವರ್ಷಗಳಲ್ಲಿ ಯಾರೂ ಮುರಿಯದ ಒಪ್ಪಂದ ಅದೊಂದೇ.

ಅವರ ಕೆಲಸವೆಂದರೆ ಫೋನು. ಎಲ್ಲೋ ಗುಂಡಿನ ಸದ್ದಾದರೆ ದ್ಯಾಚುಕ್ ಎದುರು ಕೋಣೆಯ ಬಾಗಿಲು ತಟ್ಟುತ್ತಿದ್ದರು.

"ನಿಮ್ಮೋರು ಹೊಡೀತಿದಾರೆ, ನಿಲ್ಲಿಸಿ."

"ಅಲ್ಲಿ ನಮ್ಮೋರು ಅಂತ ಯಾರೂ ಇಲ್ಲ," ಎನ್ನುತ್ತಿದ್ದರು ಮಾಲ್ಗಿನ್. "ಇರಿ, ಫೋನ್ ಮಾಡಿ ನೋಡ್ತೀನಿ."

ಆ ಕಡೆ ಕಾದುತ್ತಿರುವವರು ಅಲ್ಲಿನ ಬಂಡುಕೋರರು, ತನ್ನ ಸೈನಿಕರಲ್ಲ ಎಂಬುದು ರಷ್ಯಾದ ಮಾತಾಗಿತ್ತು. ಆದರೂ ಅವರು ಫೋನು ಮಾಡುತ್ತಿದ್ದರು. ಇಲ್ಲದವರು ಕೆಲವು ಸಲ ನಿಲ್ಲಿಸುತ್ತಿದ್ದರು, ಕೆಲವು ಸಲ ನಿಲ್ಲಿಸುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಕೂತು ನಿನ್ನೆ ಮೊದಲು ಹೊಡೆದವರು ಯಾರು ಎಂದು ಜಂಟಿಯಾಗಿ ಬರೆಯಲು ಯತ್ನಿಸಿ, ಬರೆಯಲಾಗದೆ ತಿಂಡಿಗೆ ಬರುತ್ತಿದ್ದರು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ನೀರು ನಿಂತಿತು.

ನಮ್ಮ ಕಡೆಯ ಊರುಗಳಿಗೂ ಆ ಕಡೆಯ ಊರುಗಳಿಗೂ ನೀರು ಬಿಡುವ ಪಂಪ್‌ಹೌಸ್ ಇದ್ದದ್ದು ಎರಡು ಸೈನ್ಯಗಳ ನಡುವಿನ ಬಯಲಿನಲ್ಲಿ. ಒಂದು ಶೆಲ್ ಬಿದ್ದು ಅಲ್ಲಿನ ದೊಡ್ಡ ಪೈಪು ಒಡೆಯಿತು. ರಿಪೇರಿ ಮಾಡಬೇಕಾದವರು ನೀರು ಸರಬರಾಜಿನ ಐದು ಜನ. ಅವರಲ್ಲಿ ಒಬ್ಬ ಮಕಾರ್, ನೊನ್ನಾ ಅತ್ತೆಯ ಗಂಡ. ಮದುವೆಗೆ ಮುಂಚಿನಿಂದಲೂ ಅದೇ ಪಂಪುಗಳ ಫಿಟ್ಟರ್. ಅವುಗಳ ಅಬ್ಬರಕ್ಕೆ ಒಂದು ಕಿವಿ ಪೂರ್ತಿ ಹೋಗಿತ್ತು. ಮಾತು ಕಡಿಮೆ. ಅತ್ತೆ ಅವನ ಕೇಳುವ ಕಿವಿಯ ಪಕ್ಕದಲ್ಲೇ ಕೂರುತ್ತಿದ್ದಳು. ಜಗಳವಾದ ದಿನ ಅವನೇ ಎದ್ದು ಅವಳ ಇನ್ನೊಂದು ಪಕ್ಕಕ್ಕೆ ಹೋಗಿ ಕೂರುತ್ತಿದ್ದ.

ರಿಪೇರಿಯ ಹೊತ್ತಿನಲ್ಲಿ ಗುಂಡು ಹಾರಿಸುವುದಿಲ್ಲ ಎಂದು ಎರಡೂ ಕಡೆಯವರು ಬರೆದು ಸಹಿ ಹಾಕಬೇಕು. ಹಾಗಿಲ್ಲದೆ ಅವರನ್ನು ಕರೆದೊಯ್ಯುವ ಬಸ್ಸು ಹೊರಡುವಂತಿಲ್ಲ. ಸಹಿ ಹಾಕಬೇಕಾದವರು ದ್ಯಾಚುಕ್ ಮತ್ತು ಮಾಲ್ಗಿನ್. ಪೈಪು ಹೋಗಿ ಸೇರುವ ಆಚೆಯ ಸೀಮೆಯನ್ನು ದ್ಯಾಚುಕ್ 'ಆಕ್ರಮಿತ ಪ್ರದೇಶ' ಎಂದು ಬರೆದರು. ಮಾಲ್ಗಿನ್ ಅದನ್ನು ಹೊಡೆದುಹಾಕಿ 'ಕೆಲವು ಜಿಲ್ಲೆಗಳು' ಎಂದು ಬರೆದರು. ಕಾಗದ ಕಾರಿಡಾರಿನ ಈ ಕೋಣೆಯಿಂದ ಆ ಕೋಣೆಗೆ ಓಡಾಡತೊಡಗಿತು. ಹೊರಗೆ ಹೆಂಗಸರು ಟ್ಯಾಂಕರಿನ ಮುಂದೆ ಬಕೆಟ್ಟು ಹಿಡಿದು ನಿಂತಿದ್ದರು. ನಾನು ಒಂದೇ ಬೋಗುಣಿ ನೀರಿನಲ್ಲಿ ಎರಡೂ ಕಡೆಯವರ ತಟ್ಟೆ ಅದ್ದಿ ಅದ್ದಿ ಒರೆಸುತ್ತಿದ್ದೆ. ಮಕಾರ್ ದಿನವೂ ಕೆಲಸದ ಬಟ್ಟೆ ತೊಟ್ಟು ಬಸ್ಸಿನ ಹತ್ತಿರ ಹೋಗುವುದು, ಕೂರುವುದು, ಸಂಜೆ ಮನೆಗೆ ಬರುವುದು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆ ಮಕಾರನ ತೋಳು ಹಿಡಿದುಕೊಂಡು ಊಟದ ಹಾಲಿಗೆ ಬಂದಳು. ಖಾಲಿ ಮೇಜಿನ ಪಕ್ಕ ಅವನನ್ನು ನಿಲ್ಲಿಸಿದಳು.

"ಸಾಹೇಬ್ರೇ, ಇಬ್ಬರೂ ಸ್ವಲ್ಪ ಇತ್ತ ನೋಡಿ. ಇವನು ಮಕಾರ್. ನನ್ನ ಗಂಡ."

ಮಕಾರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೀವು ಕಾಗದದಲ್ಲಿ 'ದುರಸ್ತಿ ಸಿಬ್ಬಂದಿ' ಅಂತ ಬರೀತಿದೀರಲ್ಲ, ಅದು ಇವನು. ಇನ್ನೂ ನಾಲ್ಕು ಜನ ಇದಾರೆ. ಅವರ ಹೆಂಡ್ತೀರು ಇಲ್ಲಿ ಕೆಲಸಕ್ಕಿಲ್ಲ, ಅದಕ್ಕೇ ಇವನೊಬ್ಬನ್ನ ಕರ್ಕೊಂಡ್ ಬಂದೆ. ಮುಖ ಸರಿಯಾಗಿ ನೋಡ್ಕೊಳ್ಳಿ."

ದ್ಯಾಚುಕ್ ಚಮಚ ಕೆಳಗಿಟ್ಟರು. "ಯುಖೀಮಿವ್ನಾ, ಇದು ಊಟದ ಜಾಗ. ಇಂಥ ವಿಷಯಕ್ಕೆಲ್ಲ ಒಂದು ಕ್ರಮ ಅಂತ ಇದೆ."

"ಕ್ರಮ ನಿಮ್ಮದು. ಊಟದ ಜಾಗ ನಂದು."

"ಯೆಫೀಮೊವ್ನಾ," ಎಂದರು ಮಾಲ್ಗಿನ್ ಮೆತ್ತಗೆ, "ನಮ್ಮ ಕಡೆಯಿಂದ ಯಾವ ತಕರಾರೂ ಇಲ್ಲ. ಒಂದೇ ಒಂದು ಪದ ಸರಿಹೋಗ್ಬೇಕು."

"ಆ ಪದ ಇವನಿಗೆ ಗುಂಡು ತಗಲದ ಹಾಗೆ ನೋಡ್ಕೊಳ್ಳತ್ತಾ?"

"ಪದ ಅಲ್ಲ. ಸಹಿ ನೋಡ್ಕೊಳ್ಳತ್ತೆ."

"ಹಾಗಾದ್ರೆ ಪದ ಬಿಟ್ಟು ಸಹಿ ಹಾಕಿ."

ಮಕಾರ್ ಅವಳ ಕಡೆ ಬಗ್ಗಿದ. "ನಾನು ಹೋಗ್ಲಾ? ಬಸ್ಸಲ್ಲಿ ಕಾಯ್ತಿದಾರೆ."

"ಅದು ಎಲ್ಲಿಗೂ ಹೋಗಲ್ಲ. ಕೂತ್ಕೋ, ಊಟ ಮಾಡು."

ಅವಳು ಅವನನ್ನು ಆ ನಡುವಿನ ಮೇಜಿಗೆ ಕೂರಿಸಿ ಬೀಟ್‌ರೂಟಿನ ಸೂಪು ಬಡಿಸಿದಳು. ಎರಡೂ ಕಡೆಯವರು ನೋಡುತ್ತಿದ್ದಂತೆ ಅವನು ನಿಧಾನವಾಗಿ ಉಂಡ. ಆಮೇಲೆ ಕಟ್ಲೆಟ್ ಬಂತು. ಸಾಸಿವೆ ಸೀಸೆಯನ್ನು ಎಳೆದು ತನ್ನ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡ. ಆ ದಿನ ಎರಡೂ ಕಡೆಯವರು ಸಾಸಿವೆಯಿಲ್ಲದೆ ಉಂಡರು.

ಸಂಜೆಯ ಹೊತ್ತಿಗೆ ಸಹಿ ಬಿತ್ತು. ತಕರಾರಿನ ಪದ ಬರಬೇಕಾದ ಕಡೆ ಊರುಗಳ ಹೆಸರನ್ನಷ್ಟೇ ಬರೆದಿದ್ದರಂತೆ. ಅತ್ತೆಯ ಮಾತಿಗೆ ಹಾಕಿದರೋ, ಮೇಲಿನವರಿಂದ ಫೋನು ಬಂತೋ, ನನಗೆ ಗೊತ್ತಿಲ್ಲ. ಅತ್ತೆಯನ್ನು ಕೇಳಿದರೆ "ಫೋನ್ ಬಂದಿರತ್ತೆ" ಎಂದಳು.

ಮರುದಿನ ಬೆಳಿಗ್ಗೆ ಬಸ್ಸು ಹೊರಟಿತು. ಅತ್ತೆ ಆಲೂಗಡ್ಡೆ ತುಂಬಿದ ವರೇನಿಕಿ ಕಡುಬು ಮಾಡಲು ಕೂತಳು. ಊಟದ ಪಟ್ಟಿಯಲ್ಲಿ ಅಂದು ವರೇನಿಕಿ ಇರಲಿಲ್ಲ. ಹಿಟ್ಟು ನಾದಿದಳು, ಲಟ್ಟಿಸಿದಳು, ತುಂಬಿದಳು, ಮಡಿಸಿದಳು. ಕಟ್ಟಡದಲ್ಲಿ ಅಷ್ಟು ಜನ ಇಲ್ಲವಲ್ಲ ಅತ್ತೆ ಎಂದೆ. ಇನ್ನೊಂದು ಮುದ್ದೆ ಹಿಟ್ಟು ತೆಗೆದುಕೊಂಡಳು. ಹೊರಗೆ ಸದ್ದೇ ಇರಲಿಲ್ಲ. ಅಂಥ ನಿಶ್ಶಬ್ದ ಆ ವರ್ಷ ನಾನು ಕೇಳಿರಲಿಲ್ಲ. ಅಂಗಳದಲ್ಲಿ ಯಾರೋ ನೊಣ ಹೊಡೆದದ್ದು ಕೇಳಿಸಿತು.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮೆಷಿನ್‌ಗನ್ನಿನ ಸದ್ದು ಬಂತು.

ಇಬ್ಬರೂ ಕರ್ನಲ್‌ಗಳು ಫೋನಿನ ಕೋಣೆಗೆ ಓಡಿದರು. ಒಂದೇ ಬಾಗಿಲಿಗೆ ಒಟ್ಟಿಗೆ ನುಗ್ಗಿ ಒಂದು ಕ್ಷಣ ಅಲ್ಲೇ ಸಿಕ್ಕಿಕೊಂಡರು. "ನಿಲ್ಲಿಸ್ರೋ, ನಿಲ್ಲಿಸ್ರೋ" ಎಂದು ಇಬ್ಬರೂ ಕೂಗುವುದು ಅಡುಗೆಮನೆಗೆ ಕೇಳಿಸಿತು. ಅತ್ತೆ ಕೂತಲ್ಲಿಂದ ಏಳಲಿಲ್ಲ. ಕಡುಬಿನ ಅಂಚು ಒತ್ತುತ್ತಲೇ ಇದ್ದಳು. ಅವಳ ಕಡುಬು ಕುದಿನೀರಿನಲ್ಲಿ ಬಿರಿದದ್ದನ್ನು ನಾನು ಎಂದೂ ನೋಡಿದವಳಲ್ಲ. ಅಂದು ಹಂಡೆಗೆ ಹಾಕಿದ್ದೆಲ್ಲ ಬಾಯಿ ಬಿಟ್ಟು, ನೀರೆಲ್ಲ ಆಲೂಗಡ್ಡೆಯ ಗಂಜಿಯಾಯಿತು.

ಮಕಾರ್ ಬದುಕಿ ಬಂದ. ಎಡತೊಡೆಗೆ ಗುಂಡು ತಗಲಿತ್ತು. ಜೊತೆಯವರು ಬಸ್ಸಿನ ನೆಲದ ಮೇಲೆ ಮಲಗಿಸಿಕೊಂಡು ತಂದಿದ್ದರು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅತ್ತೆಯನ್ನು ನೋಡಿ ಅವನು ಆಡಿದ ಮೊದಲ ಮಾತು, "ಕೊನೇ ಬೋಲ್ಟು ಬಿಗಿದೇ ಬಂದೆ."

"ಅದನ್ನ ಯಾರು ಕೇಳಿದ್ರು?" ಎಂದು ಅತ್ತೆ ಅವನ ಕೇಳದ ಕಿವಿಯ ಕಡೆ ಕೂತು ಸ್ವಲ್ಪ ಹೊತ್ತು ಅತ್ತಳು.

ಮೊದಲು ಕಿತ್ತಳೆ ಹಣ್ಣು ಹಿಡಿದುಕೊಂಡು ದ್ಯಾಚುಕ್ ಬಂದರು. ನಾನು ಅತ್ತೆಗೆ ಊಟ ತಂದು ಅಲ್ಲೇ ಇದ್ದೆ.

"ಗುಂಡು ಯಾವ ಕಡೆಯಿಂದ ಬಂತು ಮಕಾರ್?"

"ನನಗೆ ಈ ಕಿವಿ ಕೇಳ್ಸಲ್ಲ ಸಾಹೇಬ್ರೇ. ಒಂದೇ ಕಿವೀಲಿ ದಿಕ್ಕು ಗೊತ್ತಾಗಲ್ಲ."

"ಯಾವ ಕಾಲಿಗೆ ತಗಲಿದ್ದು?"

"ಎಡಗಾಲು."

"ಆಗ ಎತ್ತ ಮುಖ ಮಾಡಿ ಮಲಗಿದ್ರಿ?"

"ಪೈಪಿನ ಕಡೆ."

"ಪೈಪು ಎಲ್ಲಿತ್ತು?"

"ನನ್ನ ಮುಂದೆ."

ದ್ಯಾಚುಕ್ ಎದ್ದು ಹೋದರು. ಮರುದಿನ ಮಾಲ್ಗಿನ್ ಬಂದರು, ಕೈಯಲ್ಲಿ ಬ್ರಾಂದಿ ಮತ್ತು ಜೇನುತುಪ್ಪ. ಅವವೇ ಪ್ರಶ್ನೆಗಳನ್ನು ಅದೇ ಸರದಿಯಲ್ಲಿ ಕೇಳಿದರು. ಇಬ್ಬರೂ ಹಿಂದೆ ಒಂದೇ ಸೈನಿಕ ಶಾಲೆಯಲ್ಲಿ ಓದಿದವರು ಎಂದು ಆಮೇಲೆ ಗೊತ್ತಾಯಿತು. ಮಕಾರ್ ಅವೇ ಉತ್ತರ ಕೊಟ್ಟ.

ಮಾಲ್ಗಿನ್ ಹೊರಡುವಾಗ ಅತ್ತೆ ಬಾಗಿಲವರೆಗೆ ಹೋದಳು.

"ನಿಮ್ಮ ಸಹಿ ಇತ್ತಲ್ಲ ಸಾಹೇಬ್ರೇ."

"ಇತ್ತು. ದ್ಯಾಚುಕ್ ಸಹೀನೂ ಇತ್ತು."

"ಹಾಗಾದ್ರೆ ಎರಡ್ರಲ್ಲಿ ಒಂದು ಸುಳ್ಳು."

"ಯಾವುದು ಅಂತ ಹುಡುಕ್ತಿದೀವಿ," ಎಂದು ಮಾಲ್ಗಿನ್ ಟೋಪಿ ಸರಿಮಾಡಿಕೊಂಡರು.

ವಾಪಸು ಬರುವಾಗ ಅತ್ತೆ ನೀರು ಸರಬರಾಜಿನ ಅಂಗಳಕ್ಕೆ ಹೋಗಿ, ಅಲ್ಲಿ ನಿಂತಿದ್ದ ಬಸ್ಸಿನ ಸುತ್ತ ಒಂದು ಸುತ್ತು ಬಂದಳು. ಯಾವ ಮಗ್ಗುಲಿನ ಕಿಟಕಿಗಳು ಒಡೆದಿವೆ ಎಂದು ನೋಡಿದಳು. ಗುಂಡು ಬಂದಾಗ ಬಸ್ಸು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತು ಎಂದು ಡ್ರೈವರನನ್ನು ಕೇಳಿದಳು. ನನ್ನ ಹತ್ತಿರ ಏನೂ ಹೇಳಲಿಲ್ಲ. ಮರುದಿನದಿಂದ ಮಾಲ್ಗಿನ್ ಅವರ ತಟ್ಟೆಗೆ ಸಬ್ಬಸಿಗೆ ಸೊಪ್ಪು ಬೀಳುವುದು ನಿಂತುಹೋಯಿತು.

"ಸಬ್ಬಸಿಗೆ ಮುಗೀತಾ ಯೆಫೀಮೊವ್ನಾ?"

"ಮುಗೀತು."

"ಆ ಕಡೆ ತಟ್ಟೆಗಳಲ್ಲಿ ಕಾಣ್ತಿದೆ."

"ಅದು ನಿನ್ನೇದು."

ಅವರು ಮತ್ತೆ ಕೇಳಲಿಲ್ಲ. ಜಂಟಿ ಕಾಗದದಲ್ಲಿ ಗುಂಡು 'ಗುರುತಿಸಲಾಗದ ದಿಕ್ಕಿನಿಂದ' ಬಂದಿದೆ ಎಂದು ಬರೆಯಲಾಯಿತು. ಇಬ್ಬರೂ ಅದಕ್ಕೆ ಒಂದೇ ದಿನದಲ್ಲಿ ಸಹಿ ಹಾಕಿದರು.

ನೀರು ಬಂತು. ಮೊದಲು ಕೆಂಪಗೆ, ತುಕ್ಕಿನ ವಾಸನೆಯೊಂದಿಗೆ ಬಂತು, ಆಮೇಲೆ ತಿಳಿಯಾಯಿತು. ಅತ್ತೆ ಇದ್ದಬದ್ದ ಪಾತ್ರೆಗಳಿಗೆಲ್ಲ ನೀರು ತುಂಬಿಸಿದಳು. ಹೂದಾನಿಯನ್ನೂ ಬಿಡಲಿಲ್ಲ. ನೆರೆಯ ಬೀದಿಯ ಒಬ್ಬಳು ಬಂದು, "ನಿನ್ನ ಗಂಡ ದೊಡ್ಡ ಕೆಲಸ ಮಾಡಿದ ಕಣೇ," ಎಂದಳು. "ಅವನ ಕೆಲಸವೇ ಅದು," ಎಂದು ಅತ್ತೆ ನಲ್ಲಿಯ ಕೆಳಗೆ ಇನ್ನೊಂದು ಪಾತ್ರೆ ಹಿಡಿದಳು.

ಆ ವರ್ಷದ ಚಳಿಗಾಲದಲ್ಲಿ ಮಾಸ್ಕೋದಿಂದ ಆದೇಶ ಬಂದು ರಷ್ಯಾದವರು ಹೊರಟರು. ವಾಹನಗಳಿಗೆ ಸಾಮಾನು ತುಂಬುತ್ತಿದ್ದಾಗ ಮಾಲ್ಗಿನ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಯೆಫೀಮೊವ್ನಾ, ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ..."

"ದಾರಿ ದೂರ ಇದೆ," ಎಂದು ಅತ್ತೆ ಬ್ರೆಡ್ಡು, ಉಪ್ಪು ಹಾಕಿದ ಹಂದಿಕೊಬ್ಬು ಕಟ್ಟಿದ ಪೊಟ್ಟಣವನ್ನು ಅವರ ಕೈಗೆ ಕೊಟ್ಟಳು.

ಅವರು ಹೋದ ಮೇಲೆ ನಾನು ರೇಗಿದೆ. "ಅವನಿಗ್ಯಾಕತ್ತೆ ಕಟ್ಟಿಕೊಟ್ಟೆ? ಮಕಾರ್ ಮಾಮ ಇನ್ನೂ ಕೋಲು ಹಿಡಿದೇ ನಡೀತಿದಾನೆ!"

"ಪ್ರಯಾಣ ಹೊರಟೋರಿಗೆ ಕಟ್ಟಿಕೊಡೋದು ನಮ್ಮಮ್ಮನ ಕಾಲದಿಂದ ಇರೋದು. ಇವನೊಬ್ಬನಿಗೋಸ್ಕರ ಅದನ್ನ ಯಾಕೆ ನಿಲ್ಲಿಸ್ಲಿ?"

ಆಮೇಲೂ ಕದನವಿರಾಮ ಜಾರಿಯಲ್ಲೇ ಇತ್ತು. ಗುಂಡಿನ ಸದ್ದಾದರೆ ದ್ಯಾಚುಕ್ ಕಾರಿಡಾರಿಗೆ ಬಂದು, ಎದುರಿನ ಮುಚ್ಚಿದ ಬಾಗಿಲು ನೋಡಿ, ಒಳಗೆ ಹೋಗುತ್ತಿದ್ದರು. ನಾಲ್ಕು ವರ್ಷಗಳ ಮೇಲೆ ದೊಡ್ಡ ಯುದ್ಧ ಶುರುವಾಯಿತು. ಊರು ಖಾಲಿಯಾಯಿತು. ಅತ್ತೆ, ಮಕಾರ್, ನಾನು ಒಂದೇ ಬಸ್ಸಿನಲ್ಲಿ ಹೊರಟೆವು. ಅತ್ತೆ ಅಡುಗೆಮನೆಗೆ ಬೀಗ ಹಾಕಿ ಕೀಲಿಯನ್ನು ಕಾವಲುಗಾರನಿಗೆ ಕೊಟ್ಟು ಬಂದಳು. ಆ ಕಟ್ಟಡವೂ ಈಗಿಲ್ಲ, ಆ ಬೀದಿಯೂ ಇಲ್ಲ.

ನಾವು ಬಂದು ನೆಲೆಸಿದ್ದು ಉತ್ತರದಲ್ಲಿ, ಚೆರ್ನಿಹಿವ್ ಕಡೆಯ ಒಂದು ಸಣ್ಣ ಊರಿನಲ್ಲಿ. ಊರು ಬಿಟ್ಟು ಬಂದವರಿಗೆ ಕೊಟ್ಟ ಹಾಸ್ಟೆಲ್ಲಿನಲ್ಲಿ ಎರಡು ಕೋಣೆ. ಅತ್ತೆಗೂ ನನಗೂ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು, ಕುಂಟುವ ಮಕಾರನಿಗೆ ಆ ಊರಿನ ಪಂಪುಗಳು ಸಿಕ್ಕವು. ಟೀವಿಯಲ್ಲಿ ಯಾವುದೋ ದೇಶದ ಅರಮನೆಯಲ್ಲಿ ಎರಡೂ ಕಡೆಯವರು ಎದುರುಬದುರು ಕೂತು ಮಾತುಕತೆ ನಡೆಸುವುದನ್ನು ತೋರಿಸಿದಾಗ ಹಾಸ್ಟೆಲ್ಲಿನ ಹೆಂಗಸರು ಅತ್ತೆಯನ್ನು ಸುತ್ತಿಕೊಳ್ಳುತ್ತಿದ್ದರು.

"ನೊನ್ನಾ, ಇಂಥೋರಿಗೆ ವರ್ಷಗಟ್ಟಲೆ ಬಡಿಸಿದೋಳು ನೀನು. ಹೇಳು, ಏನಾದ್ರೂ ಆಗತ್ತಾ?"

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದಳು. "ಮೇಜಿನ ಮೇಲೆ ನೀರಿನ ಬಾಟ್ಲಿ ಬಿಟ್ರೆ ಏನೂ ಇಟ್ಟಿಲ್ಲ. ಬೇಗ ಎದ್ದು ಹೋಗ್ತಾರೆ."

ಎದ್ದು ಹೋದರು.

ಹೋದ ವರ್ಷ ಒಂದು ದಿನ ದ್ಯಾಚುಕ್ ನಮ್ಮ ಶಾಲೆಯ ಅಡುಗೆಮನೆಗೆ ಬಂದರು. ಮೊದಲಿಗಿಂತ ಒಣಗಿದ್ದರು. ಸೆರೆಸಿಕ್ಕವರನ್ನೂ ಸತ್ತವರನ್ನೂ ಎರಡು ಕಡೆ ಅದಲುಬದಲು ಮಾಡಿಕೊಳ್ಳುವ ಕೆಲಸದಲ್ಲಿ ಇದ್ದರಂತೆ. ಬಿಡುಗಡೆಯಾದವರ ಬಸ್ಸು ಗಡಿಯಿಂದ ನಮ್ಮ ಊರಿನ ಹೆದ್ದಾರಿಯಲ್ಲೇ ಹಾದುಹೋಗುತ್ತದೆ. ಅತ್ತೆ ಅವರ ಹೊಟ್ಟೆಯನ್ನು ಮರೆತಿರಲಿಲ್ಲ. ಕೇಳದೆಯೇ ತೆಳ್ಳಗೆ ಓಟ್ಸ್ ಗಂಜಿ ಮಾಡಿಕೊಟ್ಟಳು.

"ಗಡೀಲಿ ಮಾಲ್ಗಿನ್ ಸಿಕ್ಕಿದ್ದ," ಎಂದರು ದ್ಯಾಚುಕ್. "ಆ ಕಡೆಯಿಂದ ಅವನೇ ಬಂದಿದ್ದ. 'ಅಡುಗೆ ಮಾಡ್ತಿದ್ದ ಹೆಂಗಸು ಬದುಕಿದಾಳಾ?' ಅಂತ ಕೇಳ್ದ."

"ನೀವೇನಂದ್ರಿ?"

"ಗೊತ್ತಿಲ್ಲ ಅಂದೆ."

"ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅವನಿಗ್ಯಾಕೆ ಹೇಳ್ಬೇಕು?"

ಅತ್ತೆ ಮೇಜು ಒರೆಸಿದಳು. ಒರೆಸಿದ ಕಡೆಯೇ ಮತ್ತೆ ಒರೆಸಿದಳು. "ಒಳ್ಳೇದು ಮಾಡಿದ್ರಿ," ಎಂದಳು. ಬಟ್ಟೆ ಹಿಂಡಿಟ್ಟು, "ಬಸ್ಸಲ್ಲಿ ಬಂದೋರಿಗೆ ಊಟ ಏನು ಕೊಡ್ತೀರಿ?" ಎಂದು ಕೇಳಿದಳು.

"ಪೊಟ್ಟಣ. ಸಾಸೇಜು, ಬಿಸ್ಕತ್ತು, ಚಾಕಲೇಟು. ಪಾಪ, ಖುಷಿಯಿಂದ ತಿಂತಾರೆ. ಅರ್ಧ ಜನಕ್ಕೆ ಆಗ್ಬರಲ್ಲ, ದಾರಿ ಉದ್ದಕ್ಕೂ ವಾಂತಿ."

"ವರ್ಷಗಟ್ಟಲೆ ಹಸಿದ ಹೊಟ್ಟೆಗೆ ಸಾಸೇಜು ಹಾಕ್ತೀರಾ? ನಿಮಗೆ ನಿಮ್ಮ ಹೊಟ್ಟೆ ನೋಡಿಯಾದ್ರೂ ಗೊತ್ತಾಗ್ಬಾರ್ದಾ? ಇಲ್ಲಿ ನಿಲ್ಸಿ. ಕೋಳಿ ತಿಳಿಸಾರು ಮಾಡಿಟ್ಟಿರ್ತೀನಿ."

"ಹಾಗೆಲ್ಲ ನಿಲ್ಲಿಸೋ ಹಾಗಿಲ್ಲ ಯುಖೀಮಿವ್ನಾ. ಅನುಮತಿ ಬೇಕು."

"ತಗೊಳ್ಳಿ. ಅದೇ ತಾನೇ ನಿಮ್ಮ ಕೆಲಸ."

ಅನುಮತಿ ಸಿಗಲು ಎರಡು ತಿಂಗಳು ಹಿಡಿಯಿತು. ಈಗ ಬಸ್ಸು ಬರುವ ಹಿಂದಿನ ದಿನ ದ್ಯಾಚುಕ್ ಫೋನು ಮಾಡುತ್ತಾರೆ. ನಾನು ಕೋಳಿ ಕುಯ್ದು ಕೊಡುತ್ತೇನೆ, ಅತ್ತೆ ಬೆಳಗಿನಿಂದ ಸಣ್ಣ ಉರಿಯಲ್ಲಿ ಕುದಿಸುತ್ತಾಳೆ. ಬಸ್ಸಿನಿಂದ ಇಳಿದವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಕೆಲವರು ಇನ್ನೊಂದು ಬಟ್ಟಲು ಕೇಳುವುದಕ್ಕೆ ಎದ್ದು ನಿಂತು, ತಲೆ ತಗ್ಗಿಸಿ, ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಅತ್ತೆ ಅಂಥವರ ಹತ್ತಿರ ಹೋಗಿ ಭುಜ ಒತ್ತಿ ಕೂರಿಸಿ, "ಕೂತ್ಕೊಂಡೇ ಕೇಳಪ್ಪ," ಎನ್ನುತ್ತಾಳೆ.

ಕೆಲವು ಸಲ ಬಸ್ಸು ಬರುವುದಿಲ್ಲ. ಎಲ್ಲೋ ಮಾತುಕತೆ ಮುರಿದಿರುತ್ತದೆ. ದ್ಯಾಚುಕ್ ಮತ್ತೆ ಫೋನು ಮಾಡಿ ಇಲ್ಲ ಎನ್ನುತ್ತಾರೆ, ಅತ್ತೆ ಸರಿ ಎಂದು ಫೋನು ಇಡುತ್ತಾಳೆ. ಆ ದಿನ ಸಾರನ್ನು ಶಾಲೆಯ ಮಕ್ಕಳಿಗೆ ಬಡಿಸುತ್ತೇವೆ. ಮಕ್ಕಳಿಗೆ ಅದು ಸೇರುವುದಿಲ್ಲ, ಸಪ್ಪೆ ಎನ್ನುತ್ತಾರೆ.